ನೇರೊ ಸರೋವರದ ದಡದ ರೊಸ್ತೋವ್: ನಾನು ನೋಡಿದ ಕ್ರಮ

ಮಾಸ್ಕೋದ ಈಶಾನ್ಯಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿರುವ ರೊಸ್ತೋವ್ ಪಟ್ಟಣವನ್ನು ಹಳೆಯ ಪಟ್ಟಣಗಳನ್ನು ಸುತ್ತುವ ‘ಗೋಲ್ಡನ್ ರಿಂಗ್’ ಪ್ರವಾಸದ ಬಸ್ಸುಗಳು ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ತೋರಿಸಿ ಮುಂದೆ ಸಾಗುತ್ತವೆ. ಬಸ್ಸು ನಿಲ್ಲುವುದು ಪೇಟೆಯ ಕಡೆಗೆ. ಆದರೆ ಈ ಊರಿನ ಮುಖವಿರುವುದು ನೀರಿನ ಕಡೆಗೆ. ಉದ್ಯೋಗದ ನಿಮಿತ್ತ ಮಾಸ್ಕೋದಲ್ಲಿದ್ದ ನಾನು ಇದನ್ನು ಸರೋವರದಿಂದ ಆರಂಭಿಸಿ ನೋಡಬೇಕೆಂದು ನಿರ್ಧರಿಸಿ, ಊರಲ್ಲೇ ತಂಗುವ ವ್ಯವಸ್ಥೆ ಮಾಡಿಕೊಂಡು, ಜೂನ್ ತಿಂಗಳಲ್ಲಿ ಹೊರಟೆ. ಆ ತಿಂಗಳು ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವುದರಿಂದ, ಬಸ್ಸುಗಳೆಲ್ಲ ಹೋದ ಮೇಲೂ ತಿರುಗಾಡಲು ಸಾಕಷ್ಟು ಸಮಯ ಉಳಿಯುತ್ತದೆ.

ಮಾಸ್ಕೋದ ಯಾರೋಸ್ಲಾವ್‌ಸ್ಕಿ ನಿಲ್ದಾಣದಿಂದ ರೈಲು ಸಿಗುತ್ತದೆ. ಟಿಕೆಟ್ ಕೊಳ್ಳುವಾಗ ‘ರೊಸ್ತೋವ್-ಯಾರೋಸ್ಲಾವ್‌ಸ್ಕಿ’ ಎಂಬ ಪೂರ್ತಿ ಹೆಸರನ್ನು ನೋಡಿಕೊಳ್ಳಲೇಬೇಕು. ದೊಡ್ಡ ನಗರವಾದ ರೊಸ್ತೋವ್-ನಾ-ದೊನು ಮಾಸ್ಕೋದಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕಿದೆ. ಅದು ಬೇರೆಯೇ ಊರು. ನಮ್ಮ ರೊಸ್ತೋವ್ ಬಹಳ ಹಳೆಯದು. ರಷ್ಯದ ಪ್ರಾಚೀನ ವೃತ್ತಾಂತದಲ್ಲಿ ಅದರ ಹೆಸರು 862ನೆಯ ವರ್ಷದ ಅಡಿಯಲ್ಲಿ ಬರುತ್ತದೆ. ಮಾಸ್ಕೋದ ಮೊದಲ ಉಲ್ಲೇಖ ದೊರೆಯುವುದು 1147ರಲ್ಲಿ.

ನಿಲ್ದಾಣದಿಂದ ನಾನು ನೇರವಾಗಿ, ಗೋಡೆ ಸುತ್ತಿದ ಆವರಣವಾದ ರೊಸ್ತೋವಿನ ಕ್ರೆಮ್ಲಿನ್‌ಗೆ ಹೋಗದೆ, ಊರಿನ ಪಶ್ಚಿಮದ ಅಂಚಿನಲ್ಲಿ ದಡಕ್ಕೇ ಅಂಟಿಕೊಂಡಿರುವ ಸ್ಪಾಸೊ-ಯಾಕೊವ್ಲೆವ್‌ಸ್ಕಿ ಮಠಕ್ಕೆ ಹೋದೆ. 1389ರಲ್ಲಿ ಬಿಷಪ್ ಯಾಕೊವ್ ಸ್ಥಾಪಿಸಿದ ಈ ಮಠದಲ್ಲೇ, ಸಂತರ ಚರಿತ್ರೆಗಳನ್ನು ಸಂಕಲಿಸಿದ ರೊಸ್ತೋವಿನ ದ್ಮಿತ್ರಿಯನ್ನು 1709ರಲ್ಲಿ ಸಮಾಧಿ ಮಾಡಲಾಯಿತು. ಭಕ್ತರು ಇಂದಿಗೂ ಬರುವ ಜಾಗವಾದ್ದರಿಂದ ಉಡುಪಿನಲ್ಲಿ ಮರ್ಯಾದೆ ಇರಬೇಕು. ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ, ಗಂಡಸರು ಟೋಪಿ ತೆಗೆಯುತ್ತಾರೆ. ಅಲ್ಲಿಂದ ದೋಣಿಯಲ್ಲಿ ನೀರಿಗಿಳಿದೆ. ನೇರೊ ಸುಮಾರು 13 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲ ಇದ್ದರೂ ಬಹಳ ಆಳವಿಲ್ಲದ ಸರೋವರ. ಹೆಚ್ಚಿನ ಕಡೆ ಎರಡು ಮೀಟರ್ ನೀರೂ ಇರುವುದಿಲ್ಲ. ತಳದಲ್ಲಿ ಮಾತ್ರ ಸಸ್ಯಗಳು ಕೊಳೆತು ಕೂಡಿಕೊಂಡ ಹೂಳು ಹಲವು ಮೀಟರ್ ದಪ್ಪಕ್ಕೆ ಕೂತಿದೆ. ರೊಸ್ತೋವಿನ ತೋಟಗಾರರು ಈ ಹೂಳನ್ನು ಗೊಬ್ಬರವಾಗಿ ಬಳಸಿ ಈರುಳ್ಳಿ ಬೆಳೆದು ಹೆಸರಾದವರು.

ದೋಣಿ ದಡದಿಂದ ಸ್ವಲ್ಪ ದೂರ ಸರಿದಾಗ ಕ್ರೆಮ್ಲಿನ್‌ನ ರಚನೆ ಒಮ್ಮೆಗೇ ಅರ್ಥವಾಗುತ್ತದೆ. ಬಿಳಿಯ ಗೋಡೆ, ಅದರ ಮೇಲೆ ಗೋಪುರಗಳು, ಅವುಗಳ ಹಿಂದೆ ಚರ್ಚುಗಳ ಗುಮ್ಮಟಗಳು, ಎಲ್ಲಕ್ಕೂ ಹಿಂದೆ ಹದಿನಾರನೆಯ ಶತಮಾನದ ಉಸ್ಪೆನ್‌ಸ್ಕಿ ಮಹಾಚರ್ಚು ಹಂತಹಂತವಾಗಿ ಏರುತ್ತವೆ. ಇದು ಯುದ್ಧಕ್ಕಾಗಿ ಕಟ್ಟಿದ ಕೋಟೆಯಲ್ಲ; ಮೆಟ್ರೊಪಾಲಿಟನ್ (ಹಿರಿಯ ಬಿಷಪ್) ಅಯೋನಾ ಸಿಸೊಯೆವಿಚ್ 1670ರಿಂದ 1683ರ ನಡುವೆ ಕಟ್ಟಿಸಿದ ತನ್ನ ಧರ್ಮಪೀಠದ ನಿವಾಸ. ಅಯೋನಾ ಒಂದು ಕಾಲಕ್ಕೆ ಮಾಸ್ಕೋದಲ್ಲಿ ಇಡೀ ರಷ್ಯನ್ ಚರ್ಚಿನ ಮುಖ್ಯಸ್ಥರಾದ ಧರ್ಮಾಧ್ಯಕ್ಷರ ಪೀಠದ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಪೀಠ ತೊರೆದಿದ್ದ ಧರ್ಮಾಧ್ಯಕ್ಷ ನಿಕೊನ್ 1664ರ ಡಿಸೆಂಬರಿನಲ್ಲಿ ಹಠಾತ್ತನೆ ಚರ್ಚಿನೊಳಗೆ ಬಂದಾಗ ಅಯೋನಾ ಆ ನಿಕೊನರಿಂದ ಆಶೀರ್ವಾದ ಪಡೆದುದರಿಂದ ತ್ಸಾರನ ಅಸಮಾಧಾನಕ್ಕೆ ಗುರಿಯಾಗಿ, ಆ ಹೊಣೆಯನ್ನು ಕಳೆದುಕೊಂಡರು. ಮಾಸ್ಕೋದಲ್ಲಿ ಸಿಗದೇ ಹೋದ ಸ್ಥಾನದ ಘನತೆಯನ್ನೆಲ್ಲ ಅವರು ಈ ದಡದಲ್ಲಿ ಕಟ್ಟಿದರೆಂದು ನನಗೆ ಬಲವಾಗಿ ಅನಿಸುತ್ತದೆ.

ಮರುದಿನ ಬೆಳಿಗ್ಗೆ ಕ್ರೆಮ್ಲಿನ್ ಬಾಗಿಲು ತೆರೆಯುತ್ತಲೇ ಒಳಹೊಕ್ಕು, ಗೋಡೆಯ ಮೇಲಿನ ಮೊಗಸಾಲೆಗೆ ಹತ್ತಿದೆ. ಅಯೋನಾ ನೆಲಕ್ಕಿಳಿಯದೆಯೇ ತನ್ನ ಕೋಣೆಗಳಿಂದ ಚರ್ಚುಗಳಿಗೆ ನಡೆದು ಹೋಗುವಂತೆ ಈ ದಾರಿಗಳನ್ನು ಜೋಡಿಸಲಾಗಿದೆ. ಹೆಚ್ಚು ಹೊತ್ತು ಕಳೆದದ್ದು ಅವರ ಮನೆಯ ಚರ್ಚಾಗಿದ್ದ ‘ಸ್ಪಾಸ್ ನಾ ಸೆನ್ಯಾಖ್’ನಲ್ಲಿ. ಹೊರಗಿನಿಂದ ಸರಳವಾಗಿ ಕಾಣುವ ಈ ಕಟ್ಟಡದ ಒಳಗೆ ಪೂಜಾವೇದಿಕೆಯನ್ನು ಮೆಟ್ಟಿಲುಗಳ ಮೇಲೆ ಎತ್ತರಿಸಿ, ಅದರ ಮುಂದೆ ಚಿನ್ನದ ಲೇಪದ ಗುಂಡು ಕಂಬಗಳ ಕಮಾನುಸಾಲನ್ನು ನಿಲ್ಲಿಸಿದ್ದಾರೆ. ಬೇರೆ ರಷ್ಯನ್ ಚರ್ಚುಗಳಲ್ಲಿ ಗರ್ಭಗುಡಿಯ ಮುಂದೆ ಮರದ ಚೌಕಟ್ಟಿನ ತೆರೆಯಲ್ಲಿ ಪವಿತ್ರ ಚಿತ್ರಗಳಾದ ಐಕಾನ್‌ಗಳನ್ನು ಜೋಡಿಸಿರುತ್ತಾರೆ. ಇಲ್ಲಿ ಆ ತೆರೆಯೇ ಗೋಡೆ, ಐಕಾನ್‌ಗಳೆಲ್ಲ ಗಾರೆಯ ಮೇಲೆ ಬರೆದ ಚಿತ್ರಗಳು. ಪಶ್ಚಿಮದ ಗೋಡೆಯ ತುಂಬ ಅಂತಿಮ ತೀರ್ಪಿನ ದೃಶ್ಯವಿದೆ. ನೋಡುವವರು ಬಾಗಿಲ ಬಳಿ ನಿಲ್ಲದೆ ವೇದಿಕೆಯ ಹತ್ತಿರಕ್ಕೆ ಹೋಗಿ ಹಿಂದಿರುಗಿ ನೋಡಬೇಕು.

ಇಷ್ಟೆಲ್ಲ ಉಳಿದಿರುವುದು ಸಹಜವಾಗಿ ಆದದ್ದಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಧರ್ಮಪೀಠ ಯಾರೋಸ್ಲಾವ್ಲ್ ನಗರಕ್ಕೆ ಹೋದ ಮೇಲೆ ಕಟ್ಟಡಗಳು ಗೋದಾಮುಗಳಾದವು. ಊರಿನ ವರ್ತಕರೇ ಮುಂದೆ ಬಂದು ದುರಸ್ತಿ ಮಾಡಿಸಿ 1883ರಲ್ಲಿ ವಸ್ತುಸಂಗ್ರಹಾಲಯ ತೆರೆದರು. 1953ರ ಆಗಸ್ಟಿನಲ್ಲಿ ಬೀಸಿದ ಸುಂಟರಗಾಳಿ ಗುಮ್ಮಟಗಳನ್ನೂ ಚಾವಣಿಗಳನ್ನೂ ಕಿತ್ತೆಸೆದಾಗ, ವಾಸ್ತುಶಿಲ್ಪಿ ವ್ಲಾದಿಮಿರ್ ಬಾನಿಗೆ ಅವರ ನೇತೃತ್ವದಲ್ಲಿ ಪುನರುದ್ಧಾರ ನಡೆಯಿತು. ಇಂದು ನಾವು ಕಾಣುವ ರೂಪಕ್ಕೆ ಆ ತಂಡದ ಶ್ರಮವೇ ಕಾರಣ.

ಮಹಾಚರ್ಚಿನ ಪಕ್ಕದ ಗಂಟೆಮನೆಯನ್ನು ಮಾತ್ರ ಯಾರೂ ತಪ್ಪಿಸಬಾರದು. ಇದು ಎತ್ತರದ ಗೋಪುರವಲ್ಲ, ಅಡ್ಡಕ್ಕೆ ಹಬ್ಬಿದ ದಪ್ಪ ಗೋಡೆಯಂಥ ಕಟ್ಟಡ. ಹದಿನೈದು ಗಂಟೆಗಳು ಸಾಲಾಗಿ ತೂಗುವುದರಿಂದ ಬಾರಿಸುವವರು ಒಬ್ಬರನ್ನೊಬ್ಬರು ನೋಡಿಕೊಂಡು ಲಯ ಹೊಂದಿಸಬಹುದು. ಗಂಟೆಗಳು ಅಲುಗುವುದಿಲ್ಲ, ನಾಲಗೆಯನ್ನಷ್ಟೇ ಎಳೆದು ಹೊಡೆಯುತ್ತಾರೆ. 1688ರಲ್ಲಿ ಫ್ಲೋರ್ ತೆರೆಂತ್ಯೆವ್ ಎರಕ ಹೊಯ್ದ ಅತಿ ದೊಡ್ಡ ಗಂಟೆಯ ತೂಕ ಸುಮಾರು 32 ಟನ್. ಅದಕ್ಕೆ ಅಯೋನಾ ತನ್ನ ತಂದೆಯ ನೆನಪಿಗೆ ‘ಸಿಸೊಯ್’ ಎಂದು ಹೆಸರಿಟ್ಟರು. ಅದರ ಸ್ವರವನ್ನು ಷಡ್ಜವೆಂದು ಹಿಡಿದರೆ, 16 ಟನ್ನಿನ ‘ಪೊಲಿಯೆಲೆಯ್ನಿ’ಯದು ಅಂತರ ಗಾಂಧಾರ, 8 ಟನ್ನಿನ ‘ಲೆಬೆದ್’ನದು ಪಂಚಮ. ಸಂಗೀತ ಕಲಿತ ನಮ್ಮವರು ಈ ಸ-ಗ-ಪ ಸಂಯೋಗವನ್ನು ಗುರುತಿಸಿಯೇ ಗುರುತಿಸುತ್ತಾರೆ. ಸಿಸೊಯ್‌ನ ಒಂದು ಪೆಟ್ಟಿನ ನಾದ ಇಳಿಯುವ ಮೊದಲೇ ಸಣ್ಣ ಗಂಟೆಗಳು ಅದರ ಮೇಲೆ ಓಡತೊಡಗುತ್ತವೆ. ಹತ್ತಿರ ನಿಂತರೆ ಕೆಳಸ್ವರ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಬಾರಿಸುವ ಸಮಯವನ್ನು ಹಿಂದಿನ ದಿನವೇ ಕೇಳಿಕೊಂಡು, ಉಳಿದ ಕಾರ್ಯಕ್ರಮವನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಒಳ್ಳೆಯದು.

ಕೊನೆಗೆ ‘ಫಿನಿಫ್ಟ್’ ಎಂಬ ಎನಾಮೆಲ್ ಚಿತ್ರಗಳ ಸಂಗ್ರಹವನ್ನು ನೋಡಿದೆ. ತೆಳುವಾದ ತಾಮ್ರದ ಬಿಲ್ಲೆಯ ಮೇಲೆ ಬಿಳಿಯ ಎನಾಮೆಲ್ ಹರಡಿ ಸುಟ್ಟು, ಖನಿಜ ಬಣ್ಣಗಳಿಂದ ಸಣ್ಣ ಕುಂಚದಲ್ಲಿ ಬರೆದು, ಬಣ್ಣ ಹಾಕಿದ ಹಾಗೆಲ್ಲ ಮತ್ತೆ ಮತ್ತೆ ಕುಲುಮೆಗೆ ಕೊಡುವ ಈ ಕಸುಬು ಹದಿನೆಂಟನೆಯ ಶತಮಾನದಿಂದ ಇಲ್ಲಿ ನಡೆದುಬಂದಿದೆ. ಕೊಳ್ಳುವ ಮನಸ್ಸಿದ್ದವರು ಸಂಗ್ರಹವನ್ನು ಮೊದಲು ನೋಡಿ, ಕೈಯಲ್ಲಿ ಬರೆದ ಗೆರೆಯ ಸೂಕ್ಷ್ಮತೆ ಕಣ್ಣಿಗೆ ಕೂತ ಮೇಲೆ ಅಂಗಡಿಗೆ ಹೋಗಲಿ. ಭಾರತದಿಂದ ಹೋಗುವವರು ನಗದು ರೂಬಲ್‌ಗಳನ್ನು ಜೊತೆಗಿಟ್ಟುಕೊಳ್ಳಲೇಬೇಕು. ಹೊರದೇಶಗಳಲ್ಲಿ ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್‌ಗಳು 2022ರ ಮಾರ್ಚಿನಿಂದ ರಷ್ಯದಲ್ಲಿ ನಡೆಯುವುದಿಲ್ಲ. ಸಸ್ಯಾಹಾರಿಗಳಿಗೆ ಬ್ಲಿನಿ ದೋಸೆ, ಬೇಯಿಸಿದ ಬಕ್‌ವೀಟ್, ಅಣಬೆಯ ಪಲ್ಯ ಸಿಗುತ್ತವೆ, ಆದರೆ ಸೂಪುಗಳಲ್ಲಿ ಮಾಂಸದ ರಸ ಇದೆಯೇ ಎಂದು ಪ್ರತಿ ಸಲವೂ ಕೇಳಬೇಕು. ಸರೋವರದ ದಡದಲ್ಲಿ ಸಂಜೆ ಸೊಳ್ಳೆಗಳ ಕಾಟ ಹೆಚ್ಚು. ಉದ್ದ ತೋಳಿನ ಅಂಗಿಯನ್ನು ಮಾಸ್ಕೋದಿಂದಲೇ ಒಯ್ಯುವುದು ಅಗತ್ಯ.