ಮೊದಲು ಪೆನ್ನು, ಆಮೇಲೆ ಟ್ಯಾಬ್

ಅಂಗಡಿಗೆ ಹೋಗಿ ‘ಬರೆಯೋದಕ್ಕೆ ಒಂದು ಟ್ಯಾಬ್ ಬೇಕಿತ್ತು’ ಅಂದರೆ ಸಾಕು, ಮಾರಾಟದವರು ಪೆನ್ನು ಕೈಗೆತ್ತಿಕೊಂಡು ಬೆಟ್ಟ, ಸೂರ್ಯ, ಹಾರುವ ಹಕ್ಕಿ ಬಿಡಿಸಲು ಶುರು ಮಾಡುತ್ತಾರೆ. ಒತ್ತಿದರೆ ಗೆರೆ ದಪ್ಪ, ತೇಲಿಸಿದರೆ ಸಣ್ಣ, ಓರೆ ಹಿಡಿದರೆ ಪೆನ್ಸಿಲ್ ಉಜ್ಜಿದ ಹಾಗೆ ನೆರಳು. ನೋಡಲು ಚೆಂದವೇ. ಆದರೆ ಮೀಟಿಂಗಿನಲ್ಲಿ ಕೂತಾಗ ನಮ್ಮ ಕೈಯಿಂದ ಬರುವುದು ಬೆಟ್ಟವಲ್ಲ. ‘ದರ ಶೇ 4 ಇಳಿಸಿ ಅಂತಾರೆ, ಶುಕ್ರವಾರದೊಳಗೆ ಉತ್ತರ, ಸಾಗಣೆ ಖರ್ಚು ಯಾರದ್ದು ಕೇಳು’ ಎಂಬ ಗೀಚು. ಅದೂ ಎದುರಿಗಿರುವವರ ಮುಖ ನೋಡುತ್ತಾ, ಅರ್ಧ ಗಮನ ಮಾತ್ರ ಹಾಳೆಯ ಮೇಲಿಟ್ಟು ಗೀಚಿದ್ದು.

ಆದ್ದರಿಂದ ಅಂಗಡಿಯ ಕ್ರಮವನ್ನು ತಲೆಕೆಳಗು ಮಾಡಿ. ಅವರು ಸ್ಕ್ರೀನ್, ಪ್ರೊಸೆಸರ್, ಕ್ಯಾಮೆರಾ ಎಂದು ಶುರು ಮಾಡಿ ಕೊನೆಗೆ ಪೆನ್ನಿಗೆ ಬರುತ್ತಾರೆ; ಆ್ಯಪ್ ಬಗ್ಗೆ ಬಾಯಿ ಬಿಡುವುದೇ ಅಪರೂಪ. ನೀವು ಹಿಂದಿನಿಂದ ಮುಂದಕ್ಕೆ ಬನ್ನಿ: ಬರೆದದ್ದು ಏನಾಗಬೇಕು, ಅದಕ್ಕೆ ಯಾವ ಆ್ಯಪ್, ಆ ಆ್ಯಪ್‌ನಲ್ಲಿ ಬರೆಯಲು ಯಾವ ಪೆನ್ನು, ಕೊನೆಗೆ ಆ ಪೆನ್ನು ಒಪ್ಪುವ ಟ್ಯಾಬ್. ನನ್ನ ಮೊದಲ ಟ್ಯಾಬನ್ನು ನಾನು ಸ್ಕ್ರೀನಿನ ಹೊಳಪು ನೋಡಿ ಕೊಂಡೆ. ಅದಕ್ಕೆ ಹೊಂದುವ ಸರಿಯಾದ ಪೆನ್ನೇ ಇಲ್ಲ ಎಂದು ಗೊತ್ತಾದದ್ದು ಡಬ್ಬಿ ಒಡೆದ ಮೇಲೆ. ಈಗ ಅದರಲ್ಲಿ ಮನೆಯವರು ಸಿನಿಮಾ ನೋಡುತ್ತಾರೆ.

ಹಳೇ ನೋಟ್‌ಬುಕ್ ತೆಗೆಯಿರಿ

ಖರೀದಿಗೆ ಹೊರಡುವ ಮುನ್ನ ನಿಮ್ಮ ಹಳೇ ನೋಟ್‌ಬುಕ್ ತೆಗೆದು ಕೊನೆಯ 20 ಪುಟ ತಿರುವಿ ಹಾಕಿ. ಪ್ರತಿ ಪುಟಕ್ಕೂ ಒಂದೇ ಪ್ರಶ್ನೆ: ಬರೆದ ಮೇಲೆ ಇದು ಏನಾಯಿತು? ಕೆಲವನ್ನು ಮತ್ತೆ ನೋಡಿಯೇ ಇರುವುದಿಲ್ಲ, ಬರೆದದ್ದೇ ಯೋಚಿಸುವುದಕ್ಕಾಗಿ. ಕೆಲವನ್ನು ಫೋಟೊ ತೆಗೆದು ಯಾರಿಗೋ ಕಳಿಸಿರುತ್ತೀರಿ. ಇನ್ನು ಕೆಲವನ್ನು ಎರಡು ತಿಂಗಳ ನಂತರ ‘ಅವರು ಎಷ್ಟು ಅಂದಿದ್ದರು’ ಎಂದು ಪುಟ ಮಗುಚಿ ಹುಡುಕಿರುತ್ತೀರಿ.

ಯೋಚಿಸುವ ಪುಟಗಳೇ ಹೆಚ್ಚಿದ್ದರೆ ಇ-ಇಂಕ್ ಟ್ಯಾಬ್, ಅಂದರೆ ಕಾಗದದಂತೆ ಕಾಣುವ ಸ್ಕ್ರೀನಿನದು, ನಿಮಗೆ ಹಿತ. ಕಳಿಸುವ ಪುಟಗಳೇ ಹೆಚ್ಚಿದ್ದರೆ ಐಪ್ಯಾಡ್, ಆ್ಯಂಡ್ರಾಯ್ಡ್ ಅಥವಾ ವಿಂಡೋಸ್ ಟ್ಯಾಬ್. ಎರಡು ಸಲ ಮುಟ್ಟಿದರೆ ಪಿಡಿಎಫ್ ಹೊರಡಬೇಕು. ಹುಡುಕುವ ಪುಟಗಳೇ ಹೆಚ್ಚಿದ್ದರೆ ಕೈಬರಹ ಗುರುತಿಸುವ ಸಾಮರ್ಥ್ಯವೇ ಮುಖ್ಯ. ನಾವು ಕನ್ನಡದಲ್ಲಿ ಬರೆಯುವವರು ಎಡವುವುದು ಇಲ್ಲಿಯೇ. ‘ಕೈಬರಹ ಹುಡುಕುತ್ತದೆ’ ಎಂಬ ಜಾಹೀರಾತು ಇಂಗ್ಲಿಷ್ ಕೈಬರಹದ ಬಗ್ಗೆ ಇದ್ದೀತು. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿ ತೆರೆದು ಕನ್ನಡ ಇದೆಯೇ ಎಂದು ಕಣ್ಣಾರೆ ನೋಡಿ. ಗೂಗಲ್‌ನ ಜಿಬೋರ್ಡ್‌ನಲ್ಲಿ ಕನ್ನಡ ಕೈಬರಹವನ್ನು ಅಕ್ಷರಕ್ಕೆ ತಿರುಗಿಸುವ ಕೀಬೋರ್ಡ್ ಇದೆ, ಚೆನ್ನಾಗಿಯೇ ಓದುತ್ತದೆ. ಆದರೆ ಅದು ಕೀಬೋರ್ಡಿನ ಜಾಗದಲ್ಲಿ ಒಂದೆರಡು ಪದ ಬರೆಸಿಕೊಳ್ಳುವಂಥದ್ದು, ನಿಮ್ಮ ಹಾಳೆಯನ್ನೇ ಓದುವುದಿಲ್ಲ. ಮೇಲಾಗಿ ನಮ್ಮ ಟಿಪ್ಪಣಿಯಲ್ಲಿ ಒಂದೇ ಸಾಲಿನಲ್ಲಿ ಕನ್ನಡವೂ ಇಂಗ್ಲಿಷೂ ಇರುತ್ತವೆ.

ನಾನು ಕಂಡುಕೊಂಡ ದಾರಿ ಸರಳ. ಪುಟದ ಹೆಸರನ್ನು ಮಾತ್ರ ಟೈಪ್ ಮಾಡುತ್ತೇನೆ: ದಿನಾಂಕ, ಗಿರಾಕಿಯ ಹೆಸರು, ವಿಷಯ. ಉಳಿದದ್ದೆಲ್ಲ ಕೈಬರಹ. ಹುಡುಕಾಟದಲ್ಲಿ ಹತ್ತಕ್ಕೆ ಒಂಬತ್ತು ಸಲ ಅಷ್ಟೇ ಸಾಕಾಗುತ್ತದೆ.

ಆ್ಯಪ್: ಒಳಹೋಗುವ ಮುನ್ನ ಹೊರಬರುವ ದಾರಿ

ಐಪ್ಯಾಡ್‌ಗೆ ಆ್ಯಪಲ್ ನೋಟ್ಸ್, ಸ್ಯಾಮ್‌ಸಂಗ್ ಟ್ಯಾಬ್‌ಗೆ ಸ್ಯಾಮ್‌ಸಂಗ್ ನೋಟ್ಸ್ ಜೊತೆಯಲ್ಲೇ ಬರುತ್ತವೆ. ಮೈಕ್ರೊಸಾಫ್ಟ್‌ನ ಒನ್‌ನೋಟ್ ಐಪ್ಯಾಡ್, ಆ್ಯಂಡ್ರಾಯ್ಡ್, ವಿಂಡೋಸ್ ಮೂರರಲ್ಲೂ ಓಡುತ್ತದೆ. ಐಪ್ಯಾಡ್ ಇರುವವರು ಗುಡ್‌ನೋಟ್ಸ್, ನೋಟಬಿಲಿಟಿ ಕಡೆಗೂ ಹೋಗುತ್ತಾರೆ. ಯಾವುದನ್ನೇ ಆರಿಸಿ, ಒಂದು ಪರೀಕ್ಷೆ ಮಾಡಿ: ಹತ್ತು ಪುಟ ಗೀಚಿ, ಇಡೀ ಪುಸ್ತಕವನ್ನು ಒಂದೇ ಪಿಡಿಎಫ್ ಆಗಿ ಹೊರಗೆ ತೆಗೆಯಿರಿ. ಒನ್‌ನೋಟ್‌ನಲ್ಲಿ ಹಾಳೆಗೆ ಅಂಚೇ ಇಲ್ಲ, ಎತ್ತ ಬೇಕಾದರೂ ಬರೆಯುತ್ತ ಹೋಗಬಹುದು. ಬರೆಯುವಾಗ ಸುಖ, ಪಿಡಿಎಫ್ ಮಾಡಿದಾಗ ಸಾಲುಗಳು ಎರಡು ಪುಟಕ್ಕೆ ಸೀಳಿಹೋಗಬಹುದು. ಗಿರಾಕಿಗೆ ಕಳಿಸುವವರು ಪುಟದ ಅಳತೆ ಗೊತ್ತುಮಾಡಿಕೊಂಡೇ ಬರೆಯಬೇಕು.

ಒನ್‌ನೋಟ್, ನೋಟಬಿಲಿಟಿಯಂಥವು ಬರೆಯುವಾಗಲೇ ಮಾತನ್ನೂ ರೆಕಾರ್ಡ್ ಮಾಡಿಕೊಳ್ಳುತ್ತವೆ. ಆಮೇಲೆ ಬರಹಕ್ಕೆ ಹೊಂದಿಸಿ ಆ ಕ್ಷಣದ ಮಾತು ಕೇಳಬಹುದು. ಬಹಳ ಉಪಯೋಗದ್ದು. ಆದರೆ ಎದುರಿಗಿರುವವರನ್ನು ಕೇಳದೆ ರೆಕಾರ್ಡ್ ಗುಂಡಿ ಒತ್ತಬೇಡಿ.

ಪೆನ್ನಿನ ಜಾತಿ

ಎಲ್ಲ ಪೆನ್ನೂ ನೋಡಲು ಒಂದೇ, ಒಳಗಿನ ಕೆಲಸ ಬೇರೆ ಬೇರೆ. ರಬ್ಬರ್ ತುದಿಯ ಅಗ್ಗದ ಸ್ಟೈಲಸ್ ಅಂದರೆ ಇನ್ನೊಂದು ಬೆರಳು, ಅಷ್ಟೇ. ಸ್ಕ್ರೀನಿಗೆ ಅದಕ್ಕೂ ನಿಮ್ಮ ಅಂಗೈಗೂ ವ್ಯತ್ಯಾಸ ತಿಳಿಯುವುದಿಲ್ಲ; ಕೈಯೂರಿದ ಕೂಡಲೇ ಹಾಳೆ ತುಂಬಾ ಗೆರೆ. ಅದನ್ನು ಮರೆತುಬಿಡಿ.

ಎರಡನೆಯದು ವಾಕಾಮ್ ಕಂಪನಿ ಬೆಳೆಸಿದ ಇಎಂಆರ್ ಪದ್ಧತಿ. ಸ್ಕ್ರೀನಿನ ಹಿಂದೆ ಒಂದು ತೆಳು ಪದರ ಕಾಂತಕ್ಷೇತ್ರ ಹುಟ್ಟಿಸುತ್ತದೆ, ಪೆನ್ನಿನೊಳಗಿನ ತಂತಿ ಸುರುಳಿ ಅದರಿಂದಲೇ ಶಕ್ತಿ ಪಡೆದು ತಾನೆಲ್ಲಿದ್ದೇನೆ ಎಂದು ಹೇಳುತ್ತದೆ. ಬರೆಯಲು ಪೆನ್ನಿಗೆ ಬ್ಯಾಟರಿಯೇ ಬೇಡ. ಸ್ಯಾಮ್‌ಸಂಗ್‌ನ ಎಸ್ ಪೆನ್ ಈ ಜಾತಿಯದು. ಬ್ಲೂಟೂತ್ ಇರುವ ಎಸ್ ಪೆನ್ ಚಾರ್ಜ್ ಆಗಬೇಕಾದದ್ದು ದೂರದಿಂದ ಗುಂಡಿ ಒತ್ತುವ ಕೆಲಸಕ್ಕೆ ಮಾತ್ರ. ಕಿಂಡಲ್ ಸ್ಕ್ರೈಬ್, ರಿಮಾರ್ಕಬಲ್ 2 ಎಂಬ ಇ-ಇಂಕ್ ಟ್ಯಾಬ್‌ಗಳೂ ಇದೇ ಬಳಗ. ಹೀಗಾಗಿ ಒಂದರ ಪೆನ್ನು ಇನ್ನೊಂದರ ಮೇಲೆ ಸಾಮಾನ್ಯವಾಗಿ ಬರೆಯುತ್ತದೆ. ಪೆನ್ನು ಕಳೆದುಕೊಳ್ಳುವ ಜಾತಿಯವರಿಗೆ, ಅಂದರೆ ನನ್ನಂಥವರಿಗೆ, ಇದು ದೊಡ್ಡ ನೆಮ್ಮದಿ. ಒಂದು ತೊಡಕು: ಆಯಸ್ಕಾಂತ ಇರುವ ಕವರ್ ಹಿಂದೆ ಮಡಚಿಟ್ಟರೆ ಆ ಜಾಗದಲ್ಲಿ ಗೆರೆ ಪಕ್ಕಕ್ಕೆ ಸರಿದೀತು.

ಮೂರನೆಯದು ಬ್ಯಾಟರಿ ಪೆನ್ನು. ಆ್ಯಪಲ್ ಪೆನ್ಸಿಲ್, ಮೈಕ್ರೊಸಾಫ್ಟ್ ಸರ್ಫೇಸ್ ಪೆನ್ನು, 2024ರ ರಿಮಾರ್ಕಬಲ್ ಪೇಪರ್ ಪ್ರೊ ಪೆನ್ನು ಎಲ್ಲ ಇದರಲ್ಲಿ ಬರುತ್ತವೆ. ಪ್ರತಿಯೊಂದಕ್ಕೂ ತನ್ನದೇ ಭಾಷೆ, ಒಂದು ಇನ್ನೊಂದರ ಸ್ಕ್ರೀನಿನೊಂದಿಗೆ ಮಾತಾಡುವುದಿಲ್ಲ. ಒಂದೇ ಮನೆಯೊಳಗೂ ಜಗಳ: 2018ರ ಎರಡನೇ ತಲೆಮಾರಿನ ಆ್ಯಪಲ್ ಪೆನ್ಸಿಲ್ 2024ರ ಐಪ್ಯಾಡ್ ಪ್ರೊ, ಏರ್‌ಗಳಲ್ಲಿ ನಡೆಯುವುದಿಲ್ಲ, ಅವಕ್ಕೆ ಪೆನ್ಸಿಲ್ ಪ್ರೊ ಅಥವಾ ಯುಎಸ್‌ಬಿ-ಸಿ ಪೆನ್ಸಿಲ್ ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಟ್ಯಾಬಿನ ಮಾದರಿ ಸಂಖ್ಯೆ ಹಿಡಿದು ಪೆನ್ನು ಯಾವುದೆಂದು ಮೊದಲೇ ಖಚಿತಪಡಿಸಿಕೊಳ್ಳಿ. ಇನ್ನೊಂದು ಮಾತು, ತಿಂಗಳುಗಟ್ಟಲೆ ಡ್ರಾಯರ್‌ನಲ್ಲಿ ಬಿದ್ದ ಬ್ಯಾಟರಿ ಪೆನ್ನು ಪೂರ್ತಿ ಬರಿದಾದರೆ ಮತ್ತೆ ಚಾರ್ಜ್ ಹಿಡಿಯದೇ ಹೋಗಬಹುದು. ನನ್ನದೊಂದು ಹಾಗೇ ಸತ್ತಿತು.

ಡಬ್ಬಿಯ ಮೇಲೆ ‘4096 ಹಂತದ ಒತ್ತಡ’ ಎಂದು ದಪ್ಪ ಅಕ್ಷರದಲ್ಲಿ ಇರುತ್ತದೆ. ಚಿತ್ರಗಾರರಿಗೆ ಅದು ಬೇಕು. ಟಿಪ್ಪಣಿಗೆ ಬೇಡ, ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ. 2023ರಲ್ಲಿ ಬಂದ ಯುಎಸ್‌ಬಿ-ಸಿ ಆ್ಯಪಲ್ ಪೆನ್ಸಿಲ್‌ಗೆ ಒತ್ತಡ ತಿಳಿಯುವುದೇ ಇಲ್ಲ. ಲೆಕ್ಕ, ದರ, ದಿನಾಂಕ ಬರೆಯುವ ಕೈಗೆ ಆ ಕೊರತೆ ಗಮನಕ್ಕೂ ಬರುವುದಿಲ್ಲ.

ಅಂಗಡಿಯಲ್ಲಿ ಐದು ನಿಮಿಷ

ಪೆನ್ನು ನಿಮ್ಮ ಕೈಗೆ ಬಂದಾಗ ಚಿತ್ರ ಬಿಡಿಸಬೇಡಿ, ಹೆಸರು ಬರೆದು ಸಹಿ ಹಾಕಿ ನಗಲೂಬೇಡಿ. ಮೊದಲು ಅಂಕಿ ಬರೆಯಿರಿ: 12.5, 1.25, 0.75. ಅವಸರದಲ್ಲಿ, ಹತ್ತು ಸಲ. ಆಮೇಲೆ ಚುಕ್ಕಿಗಳನ್ನು ಎಣಿಸಿ. ಕೆಲವು ಪೆನ್ನು ಸ್ವಲ್ಪ ಒತ್ತಿದರೆ ಮಾತ್ರ ಗುರುತು ಮೂಡಿಸುತ್ತವೆ, ಹಗುರವಾಗಿ ಮುಟ್ಟಿಸಿದ ಚುಕ್ಕಿಯನ್ನು ನುಂಗಿಬಿಡುತ್ತವೆ. ವ್ಯವಹಾರದ ಟಿಪ್ಪಣಿಯಲ್ಲಿ ಚುಕ್ಕಿ ನುಂಗುವ ಪೆನ್ನಿಗಿಂತ ಅಪಾಯ ಇನ್ನೊಂದಿಲ್ಲ. ಹನ್ನೆರಡೂವರೆ ನೂರಿಪ್ಪತ್ತೈದು ಆಗಿ ಕೂತಿರುತ್ತದೆ.

ಎರಡನೆಯದಾಗಿ ‘ಖರ್ಚು’, ‘ವ್ಯವಸ್ಥೆ’, ‘ರಾಷ್ಟ್ರೀಯ’ ಎಂದು ನಿಮ್ಮ ಮಾಮೂಲಿ ವೇಗದಲ್ಲಿ ಬರೆಯಿರಿ. ಇಂಗ್ಲಿಷಿನ ಕೂಡುಬರಹದಲ್ಲಿ ಪೆನ್ನು ಎತ್ತುವುದು ಕಡಿಮೆ. ನಮ್ಮಲ್ಲಿ ತಲೆಕಟ್ಟಿಗೊಮ್ಮೆ, ಒತ್ತಕ್ಷರಕ್ಕೊಮ್ಮೆ, ದೀರ್ಘಕ್ಕೊಮ್ಮೆ ಎತ್ತಿ ಇಡುತ್ತೇವೆ. ಪ್ರತಿ ಸಲ ಇಟ್ಟಾಗ ಗೆರೆಯ ಮೊದಲ ತುಣುಕು ತಪ್ಪಿದರೆ ‘ಷ್ಟ್ರ’ದ ಕೆಳಗಿನ ಕೊಕ್ಕೆಗಳು ಬರೀ ಧೂಳಿನ ಹಾಗೆ ಕಾಣುತ್ತವೆ. ಅರ್ಕಾವತ್ತಿನ ಬಾಲ ಸರಿಯಾಗಿ ತಿರುಗಿದೆಯೇ ನೋಡಿ.

ಮೂರನೆಯದಾಗಿ ಒಂದು ಸ್ಕೇಲನ್ನು ಓರೆಯಾಗಿಟ್ಟು ತುಂಬಾ ನಿಧಾನವಾಗಿ ಗೆರೆ ಎಳೆಯಿರಿ. ಸ್ಕೇಲ್ ನೇರವಿದ್ದರೂ ಗೆರೆ ಅಲೆ ಅಲೆಯಾಗಿ ಬಂದರೆ ಆ ಪೆನ್ನಿಗೂ ಸ್ಕ್ರೀನಿಗೂ ಹೊಂದಾಣಿಕೆ ಚೆನ್ನಾಗಿಲ್ಲ. ಅಂಥದರ ಮೇಲೆ ಚೆಂದದ ಬರಹವೂ ನಡುಗುವ ಕೈಯ ಬರಹದಂತೆ ಕಾಣುತ್ತದೆ.

ಆಮೇಲೆ ಅಂಗೈ ಪೂರ್ತಿ ಊರಿ ಹಾಳೆಯ ಕೆಳತುದಿಯವರೆಗೂ ಬರೆಯಿರಿ. ಸ್ಪ್ರಿಂಗಿನ ಸುರುಳಿಯಂತೆ ಜೋರಾಗಿ ಗೀಚಿ, ಗೆರೆ ನಿಬ್ಬಿನ ಹಿಂದೆ ಎಷ್ಟು ದೂರ ಓಡಿಬರುತ್ತಿದೆ ಗಮನಿಸಿ. 2019ರಲ್ಲಿ ಆ್ಯಪಲ್ ಕಂಪನಿ ತನ್ನ ಪೆನ್ಸಿಲ್‌ನ ಈ ವಿಳಂಬವನ್ನು ಸಾಫ್ಟ್‌ವೇರ್ ಮೂಲಕವೇ 20 ಮಿಲಿಸೆಕೆಂಡ್‌ನಿಂದ 9ಕ್ಕೆ ಇಳಿಸಿದ್ದಾಗಿ ಹೇಳಿತು. ಆ ಅಂಕಿಗಳನ್ನು ಕಂಠಪಾಠ ಮಾಡಬೇಕಿಲ್ಲ. ಕಿರಿಕಿರಿ ಆಗುತ್ತದೋ ಇಲ್ಲವೋ ಅಷ್ಟು ನೋಡಿದರೆ ಸಾಕು. ಹಾಗೇ ಕಣ್ಣನ್ನು ಓರೆ ಮಾಡಿ ನಿಬ್ಬಿಗೂ ಗೆರೆಗೂ ನಡುವಿನ ಅಂತರ ನೋಡಿ. ಗಾಜನ್ನು ಸ್ಕ್ರೀನಿಗೆ ಅಂಟಿಸಿ ಮಾಡಿದ ಟ್ಯಾಬ್‌ಗಳಲ್ಲಿ ಶಾಯಿ ನಿಬ್ಬಿನ ಕೆಳಗೇ ಮೂಡುತ್ತದೆ, ಉಳಿದವುಗಳಲ್ಲಿ ಗಾಜಿನ ಅಡಿಯಲ್ಲಿ ಎಲ್ಲೋ ಮೂಡಿದಂತಿರುತ್ತದೆ. ಐಪ್ಯಾಡ್ ಸಾಲಿನಲ್ಲಿ ಏರ್, ಪ್ರೊ ಮೊದಲಿನ ಗುಂಪು. 10ನೇ ತಲೆಮಾರಿನ ಸಾದಾ ಐಪ್ಯಾಡ್ ಎರಡನೆಯದು.

ಕೊನೆಗೆ ಸದ್ದು. ನಿಶ್ಶಬ್ದ ಕೋಣೆಯಲ್ಲಿ ಗಾಜಿನ ಮೇಲೆ ಟಕ್ ಟಕ್ ಎನ್ನುವ ಪೆನ್ನು ಎಷ್ಟು ಮುಜುಗರ ಎಂಬುದು ಒಮ್ಮೆ ಎಲ್ಲರೂ ತಿರುಗಿ ನೋಡಿದ ಮೇಲೆ ತಿಳಿಯುತ್ತದೆ.

ಈಗ ಸ್ಕ್ರೀನ್

ಎ5 ಹಾಳೆಯ ಕರ್ಣ ಸುಮಾರು 10.1 ಇಂಚು. ಅಂದರೆ 10–11 ಇಂಚಿನ ಟ್ಯಾಬ್ ಸಾಮಾನ್ಯ ಡೈರಿಯಷ್ಟು. ಆದರೆ ಇಂಚು ಒಂದನ್ನೇ ನೋಡಿದರೆ ಮೋಸ. 4:3 ಆಕಾರದ 11 ಇಂಚಿನ ಸ್ಕ್ರೀನನ್ನು ಉದ್ದುದ್ದ ಹಿಡಿದರೆ ಅಗಲ ಸುಮಾರು 168 ಮಿ.ಮೀ.; ಅದೇ 11 ಇಂಚು 16:10 ಆಕಾರದ್ದಾದರೆ 148 ಮಿ.ಮೀ. ಮಾತ್ರ. ಸಿನಿಮಾಕ್ಕೆ ಎರಡನೆಯದು ಒಳ್ಳೆಯದು, ಬರವಣಿಗೆಗೆ ಮೊದಲನೆಯದು. ಕನ್ನಡದ ಒತ್ತಕ್ಷರ ಕೆಳಗಿನ ಸಾಲಿಗೆ ಇಳಿಯುವುದರಿಂದ ಸಾಲುಗಳ ಅಂತರ 9–10 ಮಿ.ಮೀ. ಇಟ್ಟುಕೊಂಡರೆ ಬರಹ ಉಸಿರಾಡುತ್ತದೆ. ಆ್ಯಪ್‌ನಲ್ಲಿ ಅಂತರ ಬದಲಿಸಲು ಬರುತ್ತದೆಯೇ ಎಂದೂ ನೋಡಿ.

ಇ-ಇಂಕ್ ಬಗ್ಗೆ ಎರಡು ಮಾತು. ರಿಮಾರ್ಕಬಲ್ 2 ಸ್ಕ್ರೀನ್ 10.3 ಇಂಚು, ಒಳಗೆ ದೀಪವಿಲ್ಲ. 2022ರ ಕಿಂಡಲ್ ಸ್ಕ್ರೈಬ್ 10.2 ಇಂಚು, ದೀಪವಿದೆ. ಹಾಳೆ ಬದಲಾದಾಗ ಮಾತ್ರ ವಿದ್ಯುತ್ ತಿನ್ನುವುದರಿಂದ ಚಾರ್ಜರ್ ನೆನಪಾಗುವುದೇ ಅಪರೂಪ, ಬಿಸಿಲಿನಲ್ಲೂ ಕಾಗದದಂತೆ ಕಾಣುತ್ತದೆ. ಪುಟ ತಿರುಗುವುದು ನಿಧಾನ. ನನಗೆ ಇಷ್ಟವಾಗುವುದು ಬೇರೆ ಕಾರಣಕ್ಕೆ: ಮಾತಿನ ನಡುವೆ ಅದರ ಮೇಲೆ ಯಾರ ಮೆಸೇಜೂ ಇಣುಕುವುದಿಲ್ಲ. ಆದರೆ ವಿಡಿಯೊ ಕಾಲ್, ದೊಡ್ಡ ಎಕ್ಸೆಲ್ ಹಾಳೆ ಇವೆಲ್ಲ ಅದೇ ಯಂತ್ರದಲ್ಲಿ ಆಗಬೇಕೆಂದರೆ ಇ-ಇಂಕ್ ತಂಟೆಗೇ ಹೋಗಬೇಡಿ.

ಗಾಜು ಜಾರುತ್ತದೆ ಎಂದು ‘ಕಾಗದದಂಥ’ ಒರಟು ಫಿಲ್ಮ್ ಹಾಕಿಸುವವರಿದ್ದಾರೆ. ಬರೆಯುವ ಹಿಡಿತ ನಿಜಕ್ಕೂ ಸಿಗುತ್ತದೆ. ಸ್ಕ್ರೀನ್ ಸ್ವಲ್ಪ ಮಂಕಾಗುತ್ತದೆ, ನಿಬ್ ಬೇಗ ಸವೆಯುತ್ತದೆ.

ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ. ಕೈಬರಹ ತೀರಾ ಕಡಿಮೆ ಜಾಗ ತಿನ್ನುತ್ತದೆ, ರೆಕಾರ್ಡಿಂಗ್ ಇದ್ದರೂ 128 ಜಿಬಿ ಧಾರಾಳ. ಬೋರ್ಡಿನ ಫೋಟೊ ತೆಗೆಯಲು ಯಾವ ಕ್ಯಾಮೆರಾ ಆದರೂ ಸರಿ. ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಎಂದು ಮಾತ್ರ ಕೇಳಿ.

ಗುಟ್ಟಿನ ವಿಷಯ

ಕವರ್ ತೆಗೆದ ಕೂಡಲೇ, ಲಾಕ್ ಬಿಡಿಸದೆಯೇ ಬರೆಯುವ ಸೌಲಭ್ಯ ಬಹಳ ಟ್ಯಾಬ್‌ಗಳಲ್ಲಿದೆ. ಅನುಕೂಲವೇ. ಐಪ್ಯಾಡ್‌ನಲ್ಲಿ ಇದಕ್ಕೆ ಎರಡು ಆಯ್ಕೆ ಇವೆ: ಪ್ರತಿ ಸಲ ಹೊಸ ಹಾಳೆ ತೆರೆಯುವುದು, ಅಥವಾ ಹಿಂದಿನ ಹಾಳೆಯನ್ನೇ ಮುಂದುವರಿಸುವುದು. ಎರಡನೆಯದನ್ನು ಇಟ್ಟರೆ ಮೇಜಿನ ಮೇಲೆ ಬಿಟ್ಟುಹೋದ ಟ್ಯಾಬನ್ನು ಮುಟ್ಟಿದವರು ನೀವು ಆಗಷ್ಟೇ ಬರೆದ ದರವನ್ನು ಓದಬಹುದು. ಮೊದಲನೆಯದನ್ನೇ ಇಡಿ. ಕಚೇರಿಯ ಟಿಪ್ಪಣಿ ಸ್ವಂತ ಕ್ಲೌಡ್ ಖಾತೆಗೆ ಹೋಗಬಹುದೇ ಎಂದು ಕಚೇರಿಯಲ್ಲಿ ಕೇಳಿಕೊಳ್ಳುವುದೂ ಒಳ್ಳೆಯದು.

ಮತ್ತೊಂದು ನನ್ನದೇ ಪೆದ್ದುತನ. ಒಮ್ಮೆ ಟ್ಯಾಬಿನ ಸ್ಕ್ರೀನನ್ನು ಗೋಡೆಯ ದೊಡ್ಡ ಟಿವಿಗೆ ಹಾಕಿ ದರಪಟ್ಟಿ ವಿವರಿಸುತ್ತಿದ್ದೆ. ಅವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಾಗ ಅಭ್ಯಾಸಬಲದಿಂದ ಇನ್ನೊಂದು ಹಾಳೆ ತೆರೆದು ಬರೆದೆ: ‘ಇನ್ನೂ ಏರ್ತಾರೆ, ಬಗ್ಗಬೇಡ’. ನನ್ನ ಕೈಬರಹ ಗೋಡೆಯ ಮೇಲೆ ಎರಡಡಿ ಎತ್ತರ ನಿಂತಿತ್ತು. ಅವರು ಏರಲಿಲ್ಲ.

ಮೊದಲ ವಾರ

ಕೊಂಡ ದಿನವೇ ನೋಟ್‌ಬುಕ್ ಎಸೆಯಬೇಡಿ. ಒಂದು ವಾರ ಎರಡನ್ನೂ ಜೊತೆಗಿಟ್ಟುಕೊಂಡು, ನಿಜವಾದ ಮೀಟಿಂಗುಗಳಲ್ಲಿ ಟ್ಯಾಬ್ ಮೇಲೆ ಬರೆಯಿರಿ. ವಾರದ ಕೊನೆಗೆ ಕೂತು ಮೂರು ಟಿಪ್ಪಣಿ ಹುಡುಕಿ ತೆಗೆಯಿರಿ, ಒಂದನ್ನು ಯಾರಿಗಾದರೂ ಕಳಿಸಿ, ಒಂದನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ತಡವರಿಸಿದರೆ ದೋಷ ಆ್ಯಪ್‌ನದೋ ಪೆನ್ನಿನದೋ ನೋಡಿ, ಬದಲಿಸಿಕೊಡುವ ಅವಧಿ ಮುಗಿಯುವ ಮುನ್ನವೇ ನಿರ್ಧರಿಸಿ. ಪೆನ್ನಿನ ಜೊತೆಗೇ ಒಂದು ಜೊತೆ ಬದಲಿ ನಿಬ್ ಕೊಂಡು ಕವರಿನ ಒಳಜೇಬಿಗೆ ಹಾಕಿಬಿಡಿ. ತುದಿ ಒಂದು ಕಡೆ ಚಪ್ಪಟೆಯಾದದ್ದು ಕಂಡರೆ, ಇಲ್ಲವೇ ಗಾಜಿನ ಮೇಲೆ ಕರ್ ಎಂಬ ಸದ್ದು ಕೇಳಿದರೆ, ಬರೆಯುವುದು ನಿಲ್ಲಿಸಿ ಅಲ್ಲೇ ಬದಲಿಸಿ. ಗೀರು ಬಿದ್ದ ಗಾಜಿಗೆ ಬದಲಿ ಒಳಜೇಬಿನಲ್ಲಿ ಇರುವುದಿಲ್ಲ.