ಸ್ಕೈರಿಮ್ ಶುರು ಮಾಡ್ತೀರಾ? ಡ್ರ್ಯಾಗನ್ ಕಾಯ್ಲಿ ಬಿಡಿ, ಮೊದ್ಲು ಊರು ಸುತ್ತಿ

ಮಳೆಗಾಲದಲ್ಲಿ ಮನೆಲೇ ಕೂತು ಆಡೋಕೆ ಯಾವ ಗೇಮ್ ಅಂತ ಯಾರಾದ್ರೂ ಕೇಳಿದ್ರೆ ನಾನಂತೂ ಇವತ್ತಿಗೂ ಸ್ಕೈರಿಮ್ (ಡ್ರ್ಯಾಗನ್‌ಗಳಿರೋ ದೊಡ್ಡ ಲೋಕದಲ್ಲಿ ಮನಸ್ಸು ಬಂದ ಕಡೆ ಸುತ್ತೋ ಗೇಮ್) ಅಂತೀನಿ, 2011ರ ಗೇಮ್ ಆದ್ರೂ ಸರಿ. ಹಾಕೋದಾದ್ರೆ 2016ರ ಸ್ಪೆಷಲ್ ಎಡಿಷನ್ ಹಾಕ್ಕೊಳ್ಳಿ, 12 ಜಿಬಿ ಜಾಗ, 8 ಜಿಬಿ ರ‍್ಯಾಮ್ ಇದ್ರೆ ಓಡತ್ತೆ. ಹೊಸನಗರ, ತೀರ್ಥಹಳ್ಳಿ ಕಡೆ ಹಳ್ಳಿಲಿರೋರು ಮೊಬೈಲ್ ಡೇಟಾದಲ್ಲಿ ಇಳಿಸ್ತಾ ಕೂರ್ಬೇಡಿ ಮಾರಾಯ್ರೆ, ಶಿವಮೊಗ್ಗದಲ್ಲಿ ಫೈಬರ್ ಇರೋ ನೆಂಟ್ರ ಮನೆಗೆ ಲ್ಯಾಪ್‌ಟಾಪ್ ತಗೊಂಡು ಹೋಗಿ ಇಳಿಸ್ಕೊಂಡು ಬನ್ನಿ, ಆಮೇಲೆ ಸ್ಟೀಮ್ (ಗೇಮ್ ಕೊಂಡು ಇಳಿಸೋ ಆ್ಯಪ್) ಆಫ್‌ಲೈನ್ ಮೋಡಲ್ಲಿಟ್ರೆ ಆಯ್ತು.

ಶುರುವಲ್ಲಿ 10 ರೇಸ್ (ನಿಮ್ಮ ಪಾತ್ರದ ಜನಾಂಗ) ತೋರಿಸ್ತಾರೆ, ಅದಕ್ಕೆ ಅರ್ಧ ಗಂಟೆ ತಲೆ ಕೆಡಿಸ್ಕೋಬೇಡಿ. ಇಲ್ಲಿ ಯಾವ ಕೆಲಸ ಮಾಡ್ತೀರೋ ಅದೇ ಸ್ಕಿಲ್ ಏರತ್ತೆ, ಕತ್ತಿ ಬೀಸಿದ್ರೆ ಕತ್ತಿದು, ಮಂತ್ರ ಹಾಕಿದ್ರೆ ಮಂತ್ರದ್ದು. ಈ ಗೇಮಿನ ದೊಡ್ಡ ಪ್ಲಸ್ಸೇ ಇದು. ಕಥೆ ಶುರುವಾಗೋ ಹೆಲ್ಗನ್ ಊರು ಬಿಟ್ಟು ರಿವರ್‌ವುಡ್‌ಗೆ ಇಳಿಯೋ ದಾರಿಲಿ ಮೂರು ಕಲ್ಲು ಸಿಗತ್ತೆ, ವಾರಿಯರ್, ಮೇಜ್, ಥೀಫ್, ಒಂದನ್ನ ಮುಟ್ಟಿ, ಆ ಕಡೆ ಸ್ಕಿಲ್‌ಗಳು 20% ಬೇಗ ಏರ್ತವೆ, ಬೇಜಾರಾದ್ರೆ ವಾಪಸ್ ಬಂದು ಬದಲಾಯಿಸ್ಬೋದು.

ಈಗ ಮುಖ್ಯ ವಿಷ್ಯ. ಮುಂದಿನ ಪಟ್ಟಣ ವೈಟ್‌ರನ್‌ಗೆ ಹೋಗಿ, ಆದ್ರೆ ಅಲ್ಲಿನ ಯಾರ್ಲ್ (ಊರಿನ ಒಡೆಯ) ಕೊಡೋ ಮೇನ್ ಕ್ವೆಸ್ಟ್ (ಮುಖ್ಯ ಕಥೆಯ ಕೆಲಸ) ಹಿಡ್ಕೊಂಡು ಓಡ್ಬೇಡಿ. ಆ ಕ್ವೆಸ್ಟಲ್ಲಿ ಊರಾಚೆ ವಾಚ್‌ಟವರ್ ಹತ್ರ ಮೊದಲ ಡ್ರ್ಯಾಗನ್ ಹೊಡೆದ ಮೇಲೇನೇ ಬೇರೆ ಡ್ರ್ಯಾಗನ್‌ಗಳು ಎಲ್ಲೆಂದ್ರಲ್ಲಿ ಬಂದು ಕಾಟ ಕೊಡೋದು, ಅಲ್ಲಿವರೆಗೂ ಆರಾಮಾಗಿ ಓಡಾಡ್ಬೋದು. ಕಥೆ ನನ್ನ ಪ್ರಕಾರ ಸಾಧಾರಣ, ಆದ್ರೆ ದಾರಿಲಿ ಒಂದು ಗುಹೆ, ಒಳಗೊಂದು ಹೆಣ, ಹೆಣದ ಪಕ್ಕ ಒಂದು ಡೈರಿ, ಅದನ್ನ ಓದಿ ಇನ್ನೆಲ್ಲಿಗೋ ಹೊರಡೋದು, ಈ ಮಜಾ ಬೇರೆ ಕಡೆ ಸಿಗೋದು ಕಷ್ಟ. ಫಾಸ್ಟ್ ಟ್ರಾವೆಲ್ (ಮ್ಯಾಪಲ್ಲಿ ಒತ್ತಿ ಒಮ್ಮೆಲೇ ಜಿಗಿಯೋದು) ಮುಟ್ಟಿದ್ರೆ ಇದೆಲ್ಲ ಮಿಸ್ಸು, ನಡೀರಿ. ಗೇಮಲ್ಲಿ ಮಳೆನೂ ಬರತ್ತೆ, ಆಗುಂಬೆಯೋರು ನೋಡಿದ್ರೆ ನಗ್ತಾರೆ ಅಷ್ಟೆ.

ವೀಕ್ನೆಸ್ ಅಂದ್ರೆ ಫೈಟು. ಕತ್ತಿ ಏಟಿಗೆ ತೂಕಾನೇ ಇಲ್ಲ. ಡಿಫಿಕಲ್ಟಿ ಏರಿಸಿದ್ರೆ ಶತ್ರುಗಳೇನು ಜಾಣರಾಗಲ್ಲ, ನಿಮ್ಮ ಏಟು ತಗ್ಗತ್ತೆ, ಅವ್ರದ್ದು ಜಾಸ್ತಿ ಆಗತ್ತೆ, ಹಂಗಾಗಿ ಮೊದಲೇ ಇರೋ ಅಡೆಪ್ಟ್‌ನಲ್ಲೇ ಬಿಡಿ. ಬಗ್ಗಿಕೊಂಡು ಬಾಣ ಬಿಡೋದು ಎಲ್ಲದಕ್ಕಿಂತ ಸುಲಭ, ಅದಕ್ಕೇ ಎಲ್ಲರೂ ಕೊನೆಗೆ ಸ್ಟೆಲ್ತ್ ಆರ್ಚರ್ ಆಗೋದು, ಬೇಡ ಅಂದ್ರೆ ಬಿಲ್ಲನ್ನ ಶುರುವಲ್ಲೇ ಮಾರಿಬಿಡಿ. ಡ್ರಾಗರ್ (ಎದ್ದು ಬರೋ ಹೆಣ) ಗೋರಿಗಳು ಒಂದರ ಥರಾನೇ ಇನ್ನೊಂದು, ಸಾಲಾಗಿ ಎರಡು ಮೂರು ಮಾಡ್ಬೇಡಿ. ಗಿಲ್ಡ್ (ಕಳ್ಳರ, ಮಂತ್ರವಾದಿಗಳ ಸಂಘ ಥರದ್ದು) ಕಥೆ ಮುಗಿದ ಮೇಲೆ ಕೊಡೋ ಸಣ್ಣಪುಟ್ಟ ಕೆಲಸಗಳಿಗೆ ಕೊನೆನೇ ಇಲ್ಲ, ಒಪ್ಕೊಳ್ಳೋಕೇ ಹೋಗ್ಬೇಡಿ. ಜೊತೆಗೆ ಸಿಗೋ ಆಳು ಲಿಡಿಯಾನ ಕರ್ಕೊಂಡು ಹೋದ್ರೆ ಬಾಗಿಲಿಗೆ ಅಡ್ಡ ನಿಲ್ತಾಳೆ, ಸಾಮಾನು ಹೊರೋಕೆ ಮಾತ್ರ ಬೇಕು. ಶುರುವಲ್ಲಿ ಹೊರೋ ಮಿತಿ 300, ಸ್ಟ್ಯಾಮಿನಾ ಏರಿಸಿದ ಪ್ರತಿ ಸಲ 5 ಸೇರತ್ತೆ, ತಟ್ಟೆ ಲೋಟ ಎಲ್ಲ ಬಾಚ್ಕೋಬೇಡಿ. ಪಿಸಿ ಮೆನು ಪಟ್ಟಿ ನೋಡೋಕಾಗಲ್ಲ, ಸ್ಕೈಯುಐ ಮಾಡ್ (ಆಟಗಾರರೇ ಮಾಡಿದ ಸೇರ್ಪಡೆ) ಹಾಕ್ಕೊಳ್ಳಿ.

ಕರೆಂಟು. ಯುಪಿಎಸ್ ಇಲ್ದಿರೋ ಡೆಸ್ಕ್‌ಟಾಪಿಗೆ ಆಟೋಸೇವ್ ನಂಬ್ಕೋಬೇಡಿ, ಜಗಳಕ್ಕೆ ಮೊದ್ಲು ಎಫ್5 ಒತ್ತಿ, ಆಗಾಗ ಮೆನುವಿಂದ ಬೇರೆ ಸೇವ್ ಮಾಡಿಟ್ಕೊಳ್ಳಿ. ಬಗ್ ಬಂದು ಕ್ವೆಸ್ಟ್ ಸಿಕ್ಕಾಕ್ಕೊಂಡ್ರೂ ಹಳೇ ಸೇವೇ ಕಾಪಾಡೋದು.

ಎಲ್ಲ ಸುತ್ತಿ ಸಾಕಾದ ಮೇಲೆ ಡ್ರ್ಯಾಗನ್ ಹೊಡೆದು, ಬೆಟ್ಟದ ಸನ್ಯಾಸಿಗಳಾದ ಗ್ರೇಬಿಯರ್ಡ್‌ಗಳ ಹತ್ರ ಬೆಟ್ಟ ಹತ್ತಿ. 7000 ಮೆಟ್ಲು ಅನ್ನೋದು ಹೆಸ್ರಿಗಷ್ಟೆ, ಕೊಡಚಾದ್ರಿ ಹತ್ತಿದೋರಿಗೆ ಏನೂ ಅನ್ಸಲ್ಲ. ಮೇಲೆ ಒಂದು ಫ್ರಾಸ್ಟ್ ಟ್ರೋಲ್ (ಹಿಮದ ರಾಕ್ಷಸ) ಕಾಯ್ತಿರತ್ತೆ, ಅದಕ್ಕೆ ಬೆಂಕಿ ಅಂದ್ರೆ ಆಗಲ್ಲ, ಶುರುವಿಂದ ಎಲ್ಲರ ಹತ್ರ ಇರೋ ಫ್ಲೇಮ್ಸ್ ಮಂತ್ರ ಕೈಗೆ ತಗೊಂಡು ಹಿಂದೆ ಹಿಂದೆ ಸರೀತಾ ಸುಡಿ.