ಕಾರಿನ ತಳದಲ್ಲಿ ಉಳಿದ ಸ್ಕ್ರೂ ರಂಧ್ರಗಳನ್ನು ಮುಚ್ಚುವ ಕ್ರಮ

ಕಾರಿನೊಳಗೆ ಕೂರಿಸಿದ್ದ ಆಂಪ್ಲಿಫೈಯರ್, ಹೆಚ್ಚುವರಿ ಸೀಟಿನ ಬ್ರಾಕೆಟ್ ಅಥವಾ ಬಾಗಿಲ ಕೆಳಗಿನ ಫುಟ್‌ಬೋರ್ಡನ್ನು ಬಿಚ್ಚಿ ತೆಗೆದ ಮೇಲೆ, ಅವುಗಳ ಸ್ಕ್ರೂಗಳಿದ್ದ ರಂಧ್ರಗಳು ತಳದ ತಗಡಿನಲ್ಲಿ ಹಾಗೆಯೇ ಉಳಿದುಬಿಡುತ್ತವೆ. ಐದಾರು ಮಿಲಿಮೀಟರಿನ ರಂಧ್ರ ಏನು ಮಾಡೀತು ಎಂದು ಇವನ್ನು ಕಡೆಗಣಿಸುವವರೇ ಹೆಚ್ಚು. ಆದರೆ ಚಕ್ರ ಎರಚುವ ನೀರು ಅಲ್ಲಿಂದ ಒಳನುಗ್ಗಿ ಕಾರ್ಪೆಟ್ಟಿನ ಅಡಿಯ ದಪ್ಪ ಹಾಸಿನೊಳಕ್ಕೆ ಇಳಿದರೆ, ಮೇಲ್ಮೈ ಒಣಗಿದಂತೆ ಕಂಡರೂ ಕೆಳಗಿನ ತಗಡು ವಾರಗಟ್ಟಲೆ ಒದ್ದೆಯಾಗಿರುತ್ತದೆ. ಡ್ರಿಲ್ ಹೊಡೆದಾಗ ಕಾರ್ಖಾನೆಯ ಬಣ್ಣದ ಪದರಗಳು ಹರಿದು ಅಂಚಿನಲ್ಲಿ ಬರಿಯ ಉಕ್ಕು ತೆರೆದುಕೊಂಡಿರುವುದರಿಂದ, ತುಕ್ಕು ಅಲ್ಲಿಂದಲೇ ಆರಂಭವಾಗಿ ಬಣ್ಣದ ಅಡಿಯಲ್ಲಿ ಹರಡುತ್ತದೆ. ಸೈಲೆನ್ಸರ್ ಕೊಳವೆ ಎಲ್ಲಾದರೂ ಸೋರುತ್ತಿದ್ದರೆ, ವಾಸನೆಯೇ ಇಲ್ಲದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಕೂಡ ಇದೇ ದಾರಿಯಲ್ಲಿ ಒಳಬರಬಹುದು.

ಮುಚ್ಚುವ ಮೊದಲು ಯಾವುದನ್ನು ಮುಚ್ಚಬಾರದು ಎಂಬುದು ತಿಳಿದಿರಬೇಕು. ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಪಟ್ಟಿಯಲ್ಲಿ, ಬಾಗಿಲುಗಳ ಕೆಳಅಂಚಿನಲ್ಲಿ ಮತ್ತು ತಳದ ಟೊಳ್ಳು ತೊಲೆಗಳಲ್ಲಿ ನೀರು ಇಳಿದುಹೋಗಲೆಂದೇ ತಯಾರಕರು ತೂತುಗಳನ್ನು ಬಿಟ್ಟಿರುತ್ತಾರೆ. ಅವನ್ನು ಮುಚ್ಚಿದರೆ ನೀರು ಒಳಗೇ ನಿಂತು ಲೋಹವನ್ನು ಒಳಗಿನಿಂದ ತಿನ್ನುತ್ತದೆ. ತಯಾರಕರ ರಂಧ್ರಗಳು ಸಾಮಾನ್ಯವಾಗಿ ಎಡಬಲಗಳಲ್ಲಿ ಒಂದೇ ರೀತಿ ಇದ್ದು, ಅಂಚು ನುಣುಪಾಗಿ, ಬಣ್ಣ ಬಳಿದುಕೊಂಡಿರುತ್ತದೆ. ನಂತರ ಕೊರೆದ ರಂಧ್ರದ ಅಂಚು ಒರಟಾಗಿ, ಸ್ಕ್ರೂ ನುಗ್ಗಿದ ಕಡೆಗೆ ತುಸು ಮೇಲೆದ್ದು, ತುಕ್ಕಿನ ಕಂದು ಉಂಗುರ ಕಟ್ಟಿಕೊಂಡಿರುತ್ತದೆ. ಕಾರ್ಪೆಟ್ ಎತ್ತಿ, ಕತ್ತಲಲ್ಲಿ ಕೆಳಗಿನಿಂದ ಟಾರ್ಚ್ ಬಿಟ್ಟರೆ, ತೆರೆದ ರಂಧ್ರಗಳು ಬೆಳಕಿನ ಚುಕ್ಕಿಗಳಾಗಿ ಕಾಣುತ್ತವೆ. ಅವುಗಳ ಸುತ್ತ ಬಳಪದಿಂದ ಗುರುತು ಮಾಡಿಕೊಳ್ಳಿ.

ಕಾರನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಜ್ಯಾಕ್‌ನಿಂದ ಎತ್ತಿದ ಮೇಲೆ ಜ್ಯಾಕ್ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಬರಿಯ ಜ್ಯಾಕನ್ನು ನಂಬಿ ಕಾರಿನ ಕೆಳಗೆ ಎಂದಿಗೂ ಹೋಗಬೇಡಿ. ಇಂಧನದ ಕೊಳವೆ, ಬ್ರೇಕ್ ಕೊಳವೆ ಅಥವಾ ವೈರುಗಳು ರಂಧ್ರದ ಹತ್ತಿರ ಹಾದುಹೋಗಿವೆಯೇ ಎಂದು ಎರಡೂ ಬದಿಯಿಂದ ನೋಡಿಕೊಳ್ಳಿ. ಕಣ್ಣಿಗೆ ಕನ್ನಡಕವಿರಲಿ, ಏಕೆಂದರೆ ತಳದಿಂದ ಉದುರುವ ತುಕ್ಕಿನ ಪುಡಿ ನೇರವಾಗಿ ಮುಖಕ್ಕೇ ಬೀಳುತ್ತದೆ.

ಈ ಕೆಲಸದ ಬಾಳಿಕೆ ನಿರ್ಧಾರವಾಗುವುದು ರಂಧ್ರದ ಅಂಚನ್ನು ಎಷ್ಟು ಶುದ್ಧಮಾಡಿದ್ದೇವೆ ಎಂಬುದರ ಮೇಲೆ. ಎಷ್ಟೇ ಒಳ್ಳೆಯ ಸೀಲರ್ (ರಂಧ್ರ, ಸಂದುಗಳನ್ನು ಮುಚ್ಚುವ ಅಂಟು) ತಂದರೂ ತುಕ್ಕು, ಜಿಡ್ಡು ಅಥವಾ ಮೇಣದ ಮೇಲೆ ಅದು ನಿಲ್ಲುವುದಿಲ್ಲ. ಮೊದಲು ಸ್ಕ್ರೂಡ್ರೈವರಿನ ತುದಿಯಿಂದ ಸುತ್ತಲಿನ ತಗಡನ್ನು ಬಲವಾಗಿ ಒತ್ತಿ ನೋಡಿ. ಅದು ಕುಸಿದರೆ ಅಥವಾ ಪದರಪದರವಾಗಿ ಕಿತ್ತುಬಂದರೆ ಸೀಲರಿನಿಂದ ಆಗುವಂಥದ್ದು ಏನೂ ಇಲ್ಲ, ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ವೆಲ್ಡ್ ಮಾಡಿಸಬೇಕು. ತಗಡು ಗಟ್ಟಿಯಾಗಿದ್ದರೆ, ರಂಧ್ರದ ಸುತ್ತ ಎರಡು ಮೂರು ಸೆಂಟಿಮೀಟರ್ ಅಗಲಕ್ಕೆ ಹಳೆಯ ಲೇಪನವನ್ನು ಕೆರೆದು, ತಂತಿ ಬ್ರಷ್ ಆಡಿಸಿ, 80ರ ಗ್ರಿಟ್‌ನ ಒರಟು ಸ್ಯಾಂಡ್‌ಪೇಪರಿನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ. ಅಂಚಿನ ಮುಳ್ಳುಗಳನ್ನು ತೆಗೆಯಲು ರಂಧ್ರಕ್ಕಿಂತ ದಪ್ಪನೆಯ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಹಿಡಿದು ಎರಡು ಸುತ್ತು ತಿರುಗಿಸಿದರೆ ಸಾಕು. ಮಶೀನು ಹಾಕಿದರೆ ರಂಧ್ರ ಇನ್ನಷ್ಟು ದೊಡ್ಡದಾಗುತ್ತದೆ. ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರವ) ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಅದರಲ್ಲಿ ಹೇಳಿದಂತೆಯೇ ತೊಳೆಯಿರಿ ಅಥವಾ ಒರೆಸಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತೋಯಿಸಿದ ಬಿಳಿ ಬಟ್ಟೆಯಿಂದ, ಬಟ್ಟೆಯಲ್ಲಿ ಕೊಳೆ ಕಾಣದಾಗುವವರೆಗೂ ಒರೆಸಿ, ಎಪಾಕ್ಸಿ ಪ್ರೈಮರನ್ನು (ತುಕ್ಕು ತಡೆಯುವ ಮೊದಲ ಲೇಪನ) ಎರಡೂ ಬದಿಗೆ ಮತ್ತು ಮುಖ್ಯವಾಗಿ ರಂಧ್ರದ ಒಳಅಂಚಿಗೆ ಸಣ್ಣ ಕುಂಚದಿಂದ ಹಚ್ಚಿ. ಸ್ಪ್ರೇ ಆ ಒಳಅಂಚಿಗೆ ಸರಿಯಾಗಿ ತಲುಪುವುದಿಲ್ಲ.

ಆರು ಮಿಲಿಮೀಟರಿನವರೆಗಿನ ರಂಧ್ರಕ್ಕೆ ಪಾಲಿಯುರೆಥೇನ್ ಸೀಮ್ ಸೀಲರ್ ಸಾಕು. ಅದನ್ನು ಕೆಳಗಿನಿಂದ ಒತ್ತಿ ತುಂಬಿ, ಮೇಲೆ ಇಣುಕಿದ ಭಾಗವನ್ನು ಬೆರಳಿನಿಂದ ಸವರಿ ಅಗಲ ಮಾಡಿದರೆ, ಎರಡೂ ಕಡೆ ತಲೆಯಿರುವ ಗುಂಡಿಯಂತೆ ತಗಡನ್ನು ಕಚ್ಚಿಕೊಳ್ಳುತ್ತದೆ. ಕೈಗವಸು ಹಾಕಿಕೊಳ್ಳಿ, ಗಾಳಿಯಾಡುವ ಕಡೆ ಕೆಲಸ ಮಾಡಿ. ಅದಕ್ಕಿಂತ ದೊಡ್ಡದಾದ ದುಂಡನೆಯ ರಂಧ್ರಕ್ಕೆ ಅಳತೆಗೆ ತಕ್ಕ ರಬ್ಬರ್ ಗ್ರೊಮೆಟ್ ಮುಚ್ಚಳವನ್ನು ಅಂಚಿಗೆ ಸೀಲರ್ ಸವರಿ ಕೂರಿಸುವುದು ಒಳ್ಳೆಯದು. ಒಳಬದಿಗೆ ಕೈ ಹೋಗದ ಟೊಳ್ಳು ತೊಲೆಯಾದರೆ ತುದಿ ಮುಚ್ಚಿದ ರಿವೆಟನ್ನು (ಒಂದೇ ಬದಿಯಿಂದ ಕೂರಿಸಬಹುದಾದ ಲೋಹದ ಮೊಳೆ) ಸೀಲರಿನಲ್ಲಿ ಅದ್ದಿ ಹೊಡೆಯಬಹುದು. ಸೀಟ್‌ಬೆಲ್ಟ್ ಬಿಗಿದಿರುವ ಜಾಗದಲ್ಲೋ ಸಸ್ಪೆನ್ಷನ್ ಕೂರುವ ಜಾಗದಲ್ಲೋ ರಂಧ್ರವಿದ್ದರೆ ಅಲ್ಲಿ ಬಲದ ಪ್ರಶ್ನೆಯೂ ಇರುವುದರಿಂದ, ಬಾಡಿ ಕೆಲಸ ಬಲ್ಲವರಿಗೆ ತೋರಿಸದೆ ಮುಂದುವರಿಯಬೇಡಿ.

ವಿನೆಗರಿನ ವಾಸನೆ ಬರುವ ಸಿಲಿಕೋನ್ ಬೇಡ; ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ಬರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ, ಮೇಲೆ ಬಣ್ಣವೂ ನಿಲ್ಲುವುದಿಲ್ಲ. ಬಾಡಿ ಪುಟ್ಟಿಯೂ (ತಗಡಿನ ತಗ್ಗು ತುಂಬುವ ಲೇಪ) ಬೇಡ; ಅದು ತೇವ ಹೀರಿ, ತಗಡು ಅದುರಿದಂತೆ ಬಿರುಕು ಬಿಡುತ್ತದೆ.

ಪಾಲಿಯುರೆಥೇನ್ ಗಾಳಿಯ ತೇವದಿಂದ ಗಟ್ಟಿಯಾಗುವ ಪದಾರ್ಥವಾದ್ದರಿಂದ, ಮೇಲೆ ಬೇಗ ಕೆನೆ ಕಟ್ಟಿದರೂ ಒಳಗೆ ದಿನಕ್ಕೆ ಕೆಲವೇ ಮಿಲಿಮೀಟರ್ ಆಳಕ್ಕೆ ಮಾತ್ರ ಹದವಾಗುತ್ತದೆ. ಪೂರ್ತಿ ಹದವಾದ ಮೇಲೆ ಕೆಳಬದಿಗೆ ಅಂಡರ್‌ಬಾಡಿ ಕೋಟಿಂಗ್ ಹೊಡೆಯಿರಿ. ಸೈಲೆನ್ಸರ್, ಬ್ರೇಕ್ ಭಾಗಗಳು ಮತ್ತು ನೀರಿಳಿಯುವ ತೂತುಗಳನ್ನು ಮೊದಲೇ ಟೇಪಿನಿಂದ ಮರೆಮಾಡಿರಬೇಕು, ನಂತರ ಆ ಟೇಪನ್ನು ನೆನಪಿನಿಂದ ತೆಗೆಯಬೇಕು. ಟೊಳ್ಳು ತೊಲೆಗಳ ಒಳಗೆ ಮೇಣದ ಸ್ಪ್ರೇ ಹಾಕುವುದಿದ್ದರೆ ಅದು ಎಲ್ಲಕ್ಕಿಂತ ಕೊನೆಯ ಕೆಲಸ.

ಕಾರ್ಪೆಟ್ಟನ್ನು ಕೂಡಲೇ ಹಾಸಬೇಡಿ. ಮುಚ್ಚಿದ ಜಾಗದ ಮೇಲೆ ಒಣ ಟಿಶ್ಯೂ ಕಾಗದ ಇಟ್ಟು, ಕೆಳಗಿನಿಂದ ಪೈಪಿನಲ್ಲಿ ಕೆಲವು ನಿಮಿಷ ನೀರು ಹೊಡೆದು ನೋಡಿ. ಕಾಗದ ಎಲ್ಲಿ ತೇವವಾಯಿತೋ ಅಲ್ಲಿಯ ಸೀಲರನ್ನು ಕೆರೆದು ತೆಗೆದು ಮತ್ತೆ ತುಂಬಬೇಕು. ಕಾಗದ ಒಣಗಿಯೇ ಉಳಿದರೆ, ಅಡಿಯ ಹಾಸು ಪೂರ್ತಿ ಒಣಗಿದೆಯೆಂದು ಕೈಯಿಂದ ಹಿಂಡಿ ನೋಡಿ, ನಂತರ ಕಾರ್ಪೆಟ್ ಹಾಸಿ.